ಎಕ್ಕದ ಜೊತೆ ಸಣ್ಣ ಎಲೆ ಬಂದರೆ ಆಡಬೇಕೆ, ಬಿಡಬೇಕೆ?

ಪ್ರಶ್ನೆ: ನಾವು ಪೊನ್ನಂಪೇಟೆ ಕಡೆಯವರು. ಮಳೆ ಹಿಡಿದರೆ ತೋಟದಲ್ಲಿ ಕೆಲಸ ಅಷ್ಟಕ್ಕಷ್ಟೆ. ಸಂಜೆ ಎಂಟು ಜನ ಕೂತು ಟೆಕ್ಸಾಸ್ ಹೋಲ್ಡೆಮ್ ಪೋಕರ್ ಆಡುತ್ತೇವೆ. ದುಡ್ಡು ಕಟ್ಟುವುದಿಲ್ಲ. ತಲಾ 2,000 ಚಿಪ್ಸ್, ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಹಾಕಲೇಬೇಕಾದದ್ದು, ಸ್ಮಾಲ್ ಮತ್ತು ಬಿಗ್) 10 ಮತ್ತು 20. ಎಲ್ಲರೂ ಮೊದಲು ಮೂರೆಲೆ ಆಡುತ್ತಿದ್ದವರೇ. ಎಕ್ಕ ಬಂದರೆ ನಾನು ಬಿಡುವವನಲ್ಲ, ಆದರೆ ಎಕ್ಕ ಬಂದಾಗಲೇ ಹೆಚ್ಚು ಸೋಲುತ್ತಿದ್ದೇನೆ. ಮೊನ್ನೆ ಎಕ್ಕ-6 ಬಂತು, ಎರಡೂ ಬೇರೆ ಬೇರೆ ಬಣ್ಣ (ಇಸ್ಪೀಟು, ಕಳಾವರ್ ಮುಂತಾದ ಗುರುತು). ಎರಡನೆಯವನಾಗಿ ಮಾತಾಡಬೇಕಿತ್ತು, 20 ಹಾಕಿದೆ. ನನ್ನ ನಂತರ ಇಬ್ಬರು 20 ಹಾಕಿದರು, ಸ್ಮಾಲ್ ಬ್ಲೈಂಡ್ ಪ್ಯಾಕ್ (ಎಲೆ ಬಿಟ್ಟರು), ಬಿಗ್ ಬ್ಲೈಂಡ್ ಚೆಕ್ (ಹೆಚ್ಚೇನೂ ಹಾಕದೆ ಉಳಿದರು). ಪಾಟ್, ಅಂದರೆ ಮಧ್ಯೆ ಸೇರಿದ ಚಿಪ್ಸ್, 90. ಫ್ಲಾಪ್ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ಎಕ್ಕ-10-4, ಮೂರೂ ಬೇರೆ ಬಣ್ಣ. 60 ಹಾಕಿದೆ, ಭಾವ ಒಬ್ಬರೇ ಕಾಲ್ ಮಾಡಿದರು (ಅಷ್ಟೇ ಹಾಕಿದರು). ಟರ್ನ್ (ನಾಲ್ಕನೆಯ ಎಲೆ) 8. ನಾನು 150, ಅವರು ಕಾಲ್. ರಿವರ್ (ಐದನೆಯ, ಕೊನೆಯ ಎಲೆ) 2. ನಾನು 350, ಅವರು ಕಾಲ್ ಮಾಡಿ ಎಕ್ಕ-ಗುಲಾಮ ತೋರಿಸಿದರು. ಕೈಲ್ ಮುಹೂರ್ತ ಹಬ್ಬಕ್ಕೆ ನೆಂಟರೆಲ್ಲ ಸೇರುತ್ತಾರೆ, ಅಷ್ಟರಲ್ಲಿ ಇದನ್ನು ಸರಿಮಾಡಿಕೊಳ್ಳಬೇಕು. ಸಣ್ಣ ಎಲೆಯ ಜೊತೆ ಬರುವ ಎಕ್ಕವನ್ನು ಹೇಗೆ ಆಡಬೇಕು?

ಉತ್ತರ: ಕೊನೆಯ 350 ದುಬಾರಿ ತಪ್ಪು. ಆದರೆ ಮೊದಲ 20 ಹಾಕದೇ ಇದ್ದಿದ್ದರೆ ಆ 350ರ ಪ್ರಶ್ನೆಯೇ ಬರುತ್ತಿರಲಿಲ್ಲ. ಸಣ್ಣ ಎಲೆಯ ಎಕ್ಕ ಸಣ್ಣ ಪಾಟ್ ಗೆದ್ದುಕೊಟ್ಟು ದೊಡ್ಡ ಪಾಟ್ ಕಳೆಯುವ ಕೈ. ಅದನ್ನು ಆಡುವುದೆಂದರೆ ಎರಡು ಲೆಕ್ಕ ನೋಡಿಕೊಳ್ಳುವುದು: ನಿಮ್ಮ ನಂತರ ಇನ್ನೂ ಎಷ್ಟು ಜನ ಮಾತಾಡಬೇಕು, ಪಾಟ್ ಎಷ್ಟು ದೊಡ್ಡದಾಗುತ್ತಿದೆ.

ಎಕ್ಕವನ್ನು ಬಿಡಲಾಗದ ಅಭ್ಯಾಸ ಮೂರೆಲೆಯಿಂದ ಬಂದದ್ದು. ಅಲ್ಲಿ ಅದು ತಪ್ಪೂ ಅಲ್ಲ. ಮೂರು ಎಲೆ 22,100 ರೀತಿಯಲ್ಲಿ ಬರಬಹುದು, ಅದರಲ್ಲಿ 16,440 ರಲ್ಲಿ ಜೋಡಿಯೂ ಇಲ್ಲ, ಕಲರ್ ಇಲ್ಲ, ಸೀಕ್ವೆನ್ಸ್ ಇಲ್ಲ. ಅಂದರೆ ನಾಲ್ಕರಲ್ಲಿ ಮೂರು ಸಲ ಎದುರಿನವರ ಕೈಯಲ್ಲಿ ಬಿಡಿ ಎಲೆಗಳೇ, ಹಾಗಾಗಿ ಎಕ್ಕ ಇದ್ದವನಿಗೆ ಧೈರ್ಯ ಇರಬೇಕಾದ್ದೇ. ಹೋಲ್ಡೆಮ್‌ನಲ್ಲಿ ರಿವರ್ ಬರುವ ಹೊತ್ತಿಗೆ ಪ್ರತಿಯೊಬ್ಬರಿಗೂ ಏಳು ಎಲೆ ಸಿಕ್ಕಿರುತ್ತದೆ (ಕೈಯಲ್ಲಿ ಎರಡು, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು), ಏಳು ಎಲೆಯಲ್ಲಿ ಜೋಡಿಯೂ ಆಗದೆ ಉಳಿಯುವುದು ಶೇ 17 ರಷ್ಟು ಮಾತ್ರ. ಬರಿ ಎಕ್ಕಕ್ಕೆ ಇಲ್ಲಿ ಬೆಲೆ ಕಡಿಮೆ. ಮೇಜಿನ ಮೇಲೆ ಎಕ್ಕ ಬಿದ್ದು ನಿಮಗೆ ಜೋಡಿಯಾದರೆ, ಕೈಯಲ್ಲಿ ಎಕ್ಕ ಹಿಡಿದ ಇನ್ನೊಬ್ಬರಿಗೂ ಅದೇ ಜೋಡಿ ಆಗಿರುತ್ತದೆ. ಆಗ ಜಗಳ ತೀರ್ಮಾನವಾಗುವುದು ಎರಡನೇ ಎಲೆಯಲ್ಲಿ, ಅಂದರೆ ಕಿಕ್ಕರ್‌ನಲ್ಲಿ.

ಮೂರೆಲೆಯವರು ಎಡವುವ ಇನ್ನೆರಡು ಜಾಗಗಳಿವೆ. ಅಲ್ಲಿ ಎಕ್ಕ-2-3 ದೊಡ್ಡ ಸೀಕ್ವೆನ್ಸ್‌ಗಳಲ್ಲಿ ಒಂದು. ಇಲ್ಲಿ ಎಕ್ಕ-2-3-4-5 ಸಾಲಾಗಿ ಐದು ಎಲೆ ಬರುವ ಸ್ಟ್ರೇಟ್‌ಗಳಲ್ಲೆಲ್ಲ ಚಿಕ್ಕದು, 2-3-4-5-6 ಕೂಡ ಅದನ್ನು ಹೊಡೆಯುತ್ತದೆ. ಅಲ್ಲಿ ಸೀಕ್ವೆನ್ಸ್ ಮುಂದೆ ಕಲರ್ ಸೋಲುತ್ತದೆ, ಇಲ್ಲಿ ಫ್ಲಶ್ (ಒಂದೇ ಬಣ್ಣದ ಐದು ಎಲೆ) ಮುಂದೆ ಸ್ಟ್ರೇಟ್ ಸೋಲುತ್ತದೆ. ಎಕ್ಕ-5 ಹಿಡಿದು 2-3-4 ಫ್ಲಾಪ್ ನೋಡಿ ಇರುವುದನ್ನೆಲ್ಲ ಒಳಗೆ ಹಾಕುವ ಮುಂಚೆ ಇವೆರಡು ನೆನಪಿರಲಿ.

ಕಿಕ್ಕರ್ ಯಾವಾಗ ಆಡುತ್ತದೆ, ಯಾವಾಗ ಆಡುವುದಿಲ್ಲ ಎನ್ನುವುದು ತುಂಬ ಜನಕ್ಕೆ ಸ್ಪಷ್ಟವಿಲ್ಲ. ಕೈ ಎಂದರೆ ಒಟ್ಟು ಐದು ಎಲೆ. ಎಕ್ಕದ ಜೋಡಿಗೆ ಎರಡು ಹೋದರೆ ಉಳಿಯುವುದು ಮೂರು ಜಾಗ. ರಿವರ್‌ನಲ್ಲಿ ಎಕ್ಕ ಬಿಟ್ಟು ಮೇಜಿನ ಮೇಲಿರುವ ನಾಲ್ಕು ಎಲೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿಕೊಳ್ಳಿ, ಮೂರನೆಯದನ್ನು ನೋಡಿ. ನಿಮ್ಮ ಎರಡನೇ ಎಲೆ ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ಅದಕ್ಕೆ ಲೆಕ್ಕ. ಎಕ್ಕ-ರಾಜ-ರಾಣಿ-9-3 ಬಿದ್ದಿದ್ದರೆ ಮೂರನೆಯದು 9. ಎಕ್ಕ-7 ಇದ್ದವರೂ ಎಕ್ಕ-5 ಇದ್ದವರೂ ಪಾಟ್ ಹಂಚಿಕೊಳ್ಳುತ್ತಾರೆ, ಎಕ್ಕ-10 ಇದ್ದವರು ಇಬ್ಬರನ್ನೂ ಹೊಡೆಯುತ್ತಾರೆ.

ಈಗ ನಿಮ್ಮ ಕೈಗೆ ಬನ್ನಿ. ಮೇಜಿನ ಮೇಲೆ ಎಕ್ಕ-10-8-4-2. ಎಕ್ಕ ಬಿಟ್ಟರೆ ಮೂರನೆಯದು 4, ಆದ್ದರಿಂದ ನಿಮ್ಮ 6 ಆಡುತ್ತದೆ. ಆದರೆ ಅದು ಯಾವ ಎಕ್ಕವನ್ನು ಹೊಡೆಯುತ್ತದೆ? ಎಕ್ಕ-5, ಎಕ್ಕ-3. ಮುಗಿಯಿತು. ಎಕ್ಕ-10, ಎಕ್ಕ-8, ಎಕ್ಕ-4, ಎಕ್ಕ-2 ಇದ್ದವರಿಗೆ ಎರಡೆರಡು ಜೋಡಿ ಆಗಿದೆ. ರಾಜ, ರಾಣಿ, ಗುಲಾಮ, 9, 7 ಇದ್ದವರ ಕಿಕ್ಕರ್ ನಿಮಗಿಂತ ಮೇಲು.

ಇದನ್ನು ಎಣಿಸಿಯೇ ಬಿಡೋಣ. ಒಂದು ಎಕ್ಕ ನಿಮ್ಮ ಕೈಯಲ್ಲಿ, ಒಂದು ಮೇಜಿನ ಮೇಲೆ, ಹೊರಗೆ ಉಳಿದದ್ದು ಎರಡು. ಎಕ್ಕ-5 ಎಂಟು ರೀತಿಯಲ್ಲಿ ಬರಬಹುದು, ಎಕ್ಕ-3 ಎಂಟು. ನೀವು ಗೆಲ್ಲುವ ಎಕ್ಕಗಳು ಒಟ್ಟು 16. ಬರೀ 20 ಹಾಕಿ ಸುಮ್ಮನೆ ಬಂದ ಭಾವನ ಹತ್ತಿರ ಜೋಡಿ ಎಕ್ಕ, ಎಕ್ಕ-ರಾಜ, ಎಕ್ಕ-ರಾಣಿ, ಜೋಡಿ 10 ಇಲ್ಲ ಎಂದೇ ಇಟ್ಟುಕೊಳ್ಳಿ, ಅವು ಇದ್ದಿದ್ದರೆ ಏರಿಸಿರುತ್ತಿದ್ದರು. ಆಗಲೂ ಎಕ್ಕ-ಗುಲಾಮ, ಎಕ್ಕ-9, ಎಕ್ಕ-7 ಸೇರಿ 24. ಎರಡು ಜೋಡಿಯಾದ ಎಕ್ಕಗಳು ತಲಾ 6 ರಂತೆ ಮತ್ತೆ 24. ಕೈಯಲ್ಲಿ 8, 4 ಅಥವಾ 2ರ ಜೋಡಿ ಹಿಡಿದು ಮೂರು ಮಾಡಿಕೊಂಡವರು 9. ಒಟ್ಟು 57. ರಾಜ-10, ರಾಣಿ-10 ಹಿಡಿದವರು ನಿಮ್ಮ 60ಕ್ಕೆ ಬರುತ್ತಾರೆ, 150ಕ್ಕೆ ಕೆಲವರು ಬರುತ್ತಾರೆ, 350ಕ್ಕೆ ಬಹುತೇಕ ಯಾರೂ ಬರುವುದಿಲ್ಲ. ಬೆಟ್ ಮಾಡುವುದು ನಮಗಿಂತ ಕಡಿಮೆ ಕೈಯವರು ಕಾಲ್ ಮಾಡಲಿ ಎಂದು. ಇಲ್ಲಿ 350ಕ್ಕೆ ಕಾಲ್ ಮಾಡುವವರಲ್ಲಿ ನಿಮ್ಮನ್ನು ಹೊಡೆಯುವವರೇ ಮೂರು ಪಟ್ಟಿಗಿಂತ ಹೆಚ್ಚು.

ಹಾಗಾದರೆ ಅದೇ ಕೈ ಬಿಗ್ ಬ್ಲೈಂಡ್‌ನಲ್ಲಿ ಪುಕ್ಕಟೆಯಾಗಿ ಬಂದಿದ್ದರೆ? ಫ್ಲಾಪ್‌ನಲ್ಲಿ 90ರ ಪಾಟ್‌ಗೆ 40 ಹಾಕಿ. ಒಬ್ಬರು ಬಂದರೆ ಟರ್ನ್‌ನಲ್ಲಿ ಚೆಕ್. ಅವರೂ ಚೆಕ್ ಮಾಡಿದರೆ ರಿವರ್‌ನಲ್ಲಿ 60–80 ಹಾಕಬಹುದು, 10ರ ಜೋಡಿಯವರು ಆ ಬೆಲೆಗೆ ನೋಡುತ್ತಾರೆ. ಅವರು ಟರ್ನ್‌ನಲ್ಲಿ ಪಾಟ್‌ನ ಅರ್ಧದಷ್ಟು ಹಾಕಿದರೆ ಒಂದು ಸಲ ಕಾಲ್ ಮಾಡಿ, ರಿವರ್‌ನಲ್ಲಿ ಮತ್ತೆ ದೊಡ್ಡದು ಬಂದರೆ ಬಿಡಿ. ಈ ಜೋಡಿಗೆ ಎರಡು ಸುತ್ತಿನ ಹಣದ ಯೋಗ್ಯತೆ ಇದೆ, ಮೂರು ಸುತ್ತಿನದು ಇಲ್ಲ. ಇನ್ನು ಯಾವ ಸುತ್ತಿನಲ್ಲೇ ಆಗಲಿ, ಶಾಂತವಾಗಿ ಆಡುವವರು ನಿಮ್ಮ ಬೆಟ್ ಮೇಲೆ ರೈಸ್ ಮಾಡಿದರೆ (ಏರಿಸಿದರೆ) ಎರಡನೇ ಯೋಚನೆ ಬೇಡ, ಪ್ಯಾಕ್. ಮನೆಯಾಟಗಳಲ್ಲಿ ಟರ್ನ್ ರೈಸ್ ಬ್ಲಫ್ ಆಗಿರುವುದು ತೀರಾ ಅಪರೂಪ.

ಇನ್ನು ಜಾಗದ ಲೆಕ್ಕ. ನಿಮ್ಮ ಕೈಯಲ್ಲಿ ಒಂದು ಎಕ್ಕ ಇದ್ದಾಗ ಉಳಿದ ಏಳು ಜನರಲ್ಲಿ ಒಬ್ಬರ ಹತ್ತಿರವಾದರೂ ಇನ್ನೊಂದು ಎಕ್ಕ ಇರುವ ಸಾಧ್ಯತೆ ಶೇ 64. ಮೊದಲು ಮಾತಾಡುವವರಿಗೆ ಇದು ಪೂರ್ತಿ ಅನ್ವಯ, ಎರಡನೆಯವರಿಗೂ ಹೆಚ್ಚುಕಡಿಮೆ ಅಷ್ಟೇ. ಎಲ್ಲರೂ ಪ್ಯಾಕ್ ಮಾಡಿ, ಬ್ಲೈಂಡ್ ಇಬ್ಬರಿಗಿಂತ ಮುಂಚಿನ ಜಾಗವಾದ ಬಟನ್‌ವರೆಗೆ ಬಂದರೆ ಎದುರಿಗೆ ಇಬ್ಬರೇ, ಸಾಧ್ಯತೆ ಶೇ 23ಕ್ಕೆ ಇಳಿಯುತ್ತದೆ. ಸ್ಮಾಲ್ ಬ್ಲೈಂಡ್‌ನಲ್ಲಿ ಒಬ್ಬರೇ, ಶೇ 12. (ಪ್ಯಾಕ್ ಮಾಡಿದವರ ಹತ್ತಿರ ಎಕ್ಕ ಇರುವ ಸಂಭವ ಕಡಿಮೆಯಾದ್ದರಿಂದ ನಿಜವಾದ ಅಂಕಿ ಇದಕ್ಕಿಂತ ತುಸು ಮೇಲೆ.) ಇರುವವರ ಎರಡನೇ ಎಲೆ ನಿಮ್ಮದಕ್ಕಿಂತ ದೊಡ್ಡದಿದ್ದರೆ ಪರಿಸ್ಥಿತಿ ಎಷ್ಟು ಕೆಟ್ಟದ್ದು ಅಂದರೆ, ಎಕ್ಕ-ರಾಜದ ಎದುರು ಎಕ್ಕ-7ಕ್ಕೆ ಸಿಗುವುದು ನೂರರಲ್ಲಿ ಸುಮಾರು 25 ಪಾಲು. ಅದೇ ಎಕ್ಕ-7 ರಾಜ-ರಾಣಿಯ ಎದುರು 55ಕ್ಕಿಂತ ಮೇಲಿರುತ್ತದೆ.

ಆದ್ದರಿಂದ ಎಂಟು ಜನರ ಮೇಜಿನಲ್ಲಿ, ಬೇರೆ ಬಣ್ಣದ ಎಕ್ಕಕ್ಕೆ ಹೀಗೆ ಮಿತಿ ಹಾಕಿಕೊಳ್ಳಿ. ಮೊದಲ ಮೂರು ಜಾಗಗಳಲ್ಲಿ ಎಕ್ಕ-ಗುಲಾಮಕ್ಕಿಂತ ಕೆಳಗಿನದೆಲ್ಲ ಪ್ಯಾಕ್. ನಾಲ್ಕನೆಯ ಜಾಗದಲ್ಲಿ ಎಕ್ಕ-10 ಸೇರಿಸಿಕೊಳ್ಳಿ. ಬಟನ್‌ನ ಹಿಂದಿನ ಜಾಗದಲ್ಲಿ ಎಕ್ಕ-9, ಮೇಜು ಬಿಗಿಯಾಗಿದ್ದರೆ (ಜನ ಕಡಿಮೆ ಕೈ ಆಡುವವರಾದರೆ) ಎಕ್ಕ-8. ಬಟನ್‌ನಲ್ಲಿ, ನಿಮ್ಮ ಮುಂಚೆ ಯಾರೂ ಬಂದಿಲ್ಲದಿದ್ದರೆ, ಹೆಚ್ಚುಕಡಿಮೆ ಎಲ್ಲ ಎಕ್ಕವೂ ಸರಿ. ಆಡುವುದಾದರೆ 50–60ಕ್ಕೆ ಏರಿಸಿಯೇ ಆಡಿ. ಬರೀ 20 ಹಾಕಿ ಒಳಗೆ ಬರುವುದು ಈ ಕೈಗೆ ಹೊಂದದ ದಾರಿ, ಏಕೆಂದರೆ ಹಿಂದೆ ನಾಲ್ಕು ಜನ ಸಾಲಾಗಿ 20 ಹಾಕುತ್ತಾರೆ, ಜನ ಹೆಚ್ಚಿದಷ್ಟೂ ದೊಡ್ಡ ಕಿಕ್ಕರ್ ಯಾರದೋ ಕೈಯಲ್ಲಿ ಕೂತಿರುತ್ತದೆ. ನಿಮ್ಮ ಮುಂಚೆಯೇ ಮೂರು ಜನ 20 ಹಾಕಿ ಬಂದಿದ್ದರೆ, ಬಟನ್‌ನಲ್ಲೂ ಎಕ್ಕ-6 ಬೇರೆ ಬಣ್ಣದ್ದು ಬೇಡ. ನಿಮ್ಮ ಮೇಜಿನಲ್ಲಿ ದಿನವೂ ಹಾಗೇ ಆಗುತ್ತಿರಬೇಕು. ಹಾಗಿದ್ದರೆ ಬೇರೆ ಬಣ್ಣದ ಸಣ್ಣ ಎಕ್ಕವನ್ನು ಬಹುತೇಕ ಆಡುವುದೇ ಇಲ್ಲ ಎಂದುಕೊಂಡರೂ ನಷ್ಟವಿಲ್ಲ.

ಒಂದೇ ಬಣ್ಣದ ಎಕ್ಕದ ಕಥೆ ಪೂರ್ತಿ ಬೇರೆ. ಅದು ಜೋಡಿಗಾಗಿ ಆಡುವ ಕೈಯಲ್ಲ, ಫ್ಲಶ್‌ಗಾಗಿ ಆಡುವ ಕೈ. ಎಕ್ಕದ ಫ್ಲಶ್ ಆದರೆ ಆ ಬಣ್ಣದಲ್ಲಿ ನಿಮಗಿಂತ ಮೇಲೆ ಯಾರೂ ಇಲ್ಲ. ಜನ ಹೆಚ್ಚಿದ್ದಾಗ ಇದರ ಬೆಲೆಯೂ ಹೆಚ್ಚು: ರಾಣಿಯ ಫ್ಲಶ್, 9ರ ಫ್ಲಶ್ ಮಾಡಿಕೊಂಡವರು ಪ್ಯಾಕ್ ಮಾಡುವುದಿಲ್ಲ. ಫ್ಲಾಪ್‌ನಲ್ಲೇ ಪೂರ್ತಿ ಫ್ಲಶ್ ಬೀಳುವುದು ಶೇ 0.84, ಅದನ್ನು ನಂಬಿ ಕೂರುವಂತಿಲ್ಲ. ಒಂದೇ ಬಣ್ಣದ ನಾಲ್ಕು ಎಲೆ ಸೇರಿ ಡ್ರಾ (ಇನ್ನೊಂದಕ್ಕೆ ಕಾಯುವ ಸ್ಥಿತಿ) ಆಗುವುದು ಶೇ 11, ಒಂಬತ್ತು ಫ್ಲಾಪ್‌ಗೆ ಒಂದು. ಆ ಡ್ರಾ ರಿವರ್ ಒಳಗೆ ಪೂರ್ತಿಯಾಗುವುದು ಶೇ 35, ಒಂದು ಎಲೆಯಲ್ಲಿ ಶೇ 19.

ಡ್ರಾಗೆ ಎಷ್ಟು ಕೊಡಬಹುದು? ಪಾಟ್ 200, ಎದುರಿನವರು 100 ಹಾಕಿದರು ಎನ್ನಿ. 300 ಗೆಲ್ಲಲು ನೀವು 100 ಹಾಕಬೇಕು, ಅಂದರೆ ಶೇ 25 ಬೇಕು, ಇರುವುದು 19. ನೇರ ಲೆಕ್ಕದಲ್ಲಿ ನಷ್ಟ. ಕೊರತೆ ತುಂಬಬೇಕಾದರೆ ಫ್ಲಶ್ ಬಿದ್ದ ಮೇಲೆ ಅವರಿಂದ ಇನ್ನೂ 122 ಚಿಪ್ಸ್ ಆದರೂ ಬರಬೇಕು. ಅವರ ಹತ್ತಿರ 1,000 ಉಳಿದಿದೆ, ಆಸಾಮಿ ಸುಲಭಕ್ಕೆ ಪ್ಯಾಕ್ ಮಾಡುವವನಲ್ಲ ಎಂದಾದರೆ ಕಾಲ್ ಸರಿ. 80 ಮಾತ್ರ ಉಳಿದಿದ್ದರೆ, ಎಕ್ಕ ಬಿದ್ದು ಜೋಡಿಯಾದರೂ ಗೆಲ್ಲುತ್ತೇನೆ ಎನ್ನುವಂಥ ಇನ್ನೊಂದು ಆಸರೆ ಇಲ್ಲದ ಹೊರತು ತಪ್ಪು. ಪಾಟ್‌ನ ಮೂರರಲ್ಲೊಂದು ಪಾಲಿನ ಬೆಟ್ ಬಂದರೆ ಶೇ 20 ಸಾಕು, ಕಣ್ಣುಮುಚ್ಚಿ ಕಾಲ್ ಮಾಡಬಹುದು.

ಒಂದೇ ಬಣ್ಣದ ಎಕ್ಕಗಳಲ್ಲಿ ಎಕ್ಕ-5 ಎಕ್ಕ-6ಕ್ಕಿಂತ ಮೇಲು. ಕೇಳಲು ವಿಚಿತ್ರ, ಆದರೆ ಕಾರಣ ನೇರ: 5 ಎಕ್ಕದ ಜೊತೆ ಸೇರಿ ಸ್ಟ್ರೇಟ್ ಮಾಡುತ್ತದೆ, 6 ಮಾಡುವುದಿಲ್ಲ. ಕಿಕ್ಕರ್ ಆಗಿ 5ಕ್ಕೂ 6ಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಹಾಗಾಗಿ ಮೊದಲ ಜಾಗಗಳಲ್ಲಿ ಒಂದೇ ಬಣ್ಣದ ಎಕ್ಕ-5, ಎಕ್ಕ-4 ಆಡುವವರು ಎಕ್ಕ-6, ಎಕ್ಕ-7 ಬಿಡುವುದನ್ನು ನೋಡಿದರೆ ಆಶ್ಚರ್ಯ ಬೇಡ. ನಿಮ್ಮ ಮೇಜಿನಲ್ಲಿ, ಕೊನೆಯ ಮೂರು ಜಾಗಗಳಿಂದ ಒಂದೇ ಬಣ್ಣದ ಯಾವ ಎಕ್ಕವನ್ನಾದರೂ ಆಡಿ. ಮೂರು ನಾಲ್ಕು ಜನ 20 ಹಾಕಿ ಬಂದಿದ್ದರೆ ನೀವೂ 20 ಹಾಕಿ ಬರಬಹುದು, ಬೇರೆ ಬಣ್ಣದ ಎಕ್ಕಕ್ಕೆ ಕೊಡದ ಸವಲತ್ತು ಇದಕ್ಕೆ ಉಂಟು. ಒಂದೇ ಎಚ್ಚರ: ಫ್ಲಶ್ ಹುಡುಕಿಕೊಂಡು ಬಂದವರು ಫ್ಲಾಪ್‌ನಲ್ಲಿ ಎಕ್ಕದ ಜೋಡಿ ಮಾತ್ರ ಸಿಕ್ಕಾಗ ಬಂದ ಕೆಲಸ ಮರೆತುಬಿಡುತ್ತಾರೆ. ಜೋಡಿ ಮಾತ್ರ ಆದರೆ ಅದು ಮತ್ತೆ ಎಕ್ಕ-6ರ ಕಥೆಯೇ, ಎರಡು ಸುತ್ತಿನ ಮಿತಿ ಅದಕ್ಕೂ ಅನ್ವಯ.

ಬ್ಲೈಂಡ್‌ನಲ್ಲಿ ಕೂತಾಗ ಯಾರು ಏರಿಸಿದರು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಬಟನ್‌ನವರು 60ಕ್ಕೆ ಏರಿಸಿದರು, ಸ್ಮಾಲ್ ಬ್ಲೈಂಡ್ ಪ್ಯಾಕ್, ನೀವು ಬಿಗ್ ಬ್ಲೈಂಡ್‌ನಲ್ಲಿ ಎಕ್ಕ-6. ಪಾಟ್‌ನಲ್ಲಿ 90 ಇದೆ, ನೀವು 40 ಸೇರಿಸಬೇಕು, ಶೇ 31 ಸಾಕು. ಬಟನ್‌ನಿಂದ ಜನ ಹೇಗೆ ಹೇಗೋ ಏರಿಸುತ್ತಾರೆ, ಅದರ ಎದುರು ಎಕ್ಕ-6 ಸುಲಭದ ಕಾಲ್. ಅದೇ 60 ಮೊದಲ ಜಾಗದವರಿಂದ ಬಂದರೆ ಅವರ ಹತ್ತಿರ ಎಕ್ಕ ಇದ್ದರೆ ಅದು ಬಹುತೇಕ ನಿಮ್ಮದಕ್ಕಿಂತ ದೊಡ್ಡ ಎಕ್ಕ. ಬೆಲೆ ಎಷ್ಟೇ ಚೆನ್ನಾಗಿ ಕಂಡರೂ ಬಿಡಿ.

ಫ್ಲಾಪ್‌ನಲ್ಲಿ ಎಕ್ಕ ಬಾರದಿದ್ದರೆ, ಬಾರದಿರುವುದೇ ಹೆಚ್ಚು (ಬರುವುದು ಶೇ 17), ಇಬ್ಬರಿಗಿಂತ ಹೆಚ್ಚು ಜನ ಎದುರಿದ್ದಾಗ ಚೆಕ್, ಬೆಟ್ ಬಂದರೆ ಪ್ಯಾಕ್. ಒಬ್ಬರೇ ಎದುರಿದ್ದು ಫ್ಲಾಪ್ 8-8-3 ತರಹ ಒಣಗಿದ್ದರೆ, ಅಂದರೆ ಸ್ಟ್ರೇಟ್, ಫ್ಲಶ್ ಯಾವುದರ ಸುಳಿವೂ ಇಲ್ಲದಿದ್ದರೆ, ಬರಿ ಎಕ್ಕವೂ ಎಷ್ಟೋ ಸಲ ಮುಂದಿರುತ್ತದೆ, ಸಣ್ಣ ಬೆಟ್‌ಗೆ ಒಮ್ಮೆ ಕಾಲ್ ಮಾಡಬಹುದು. ಫ್ಲಾಪ್‌ನಲ್ಲಿ ಎಕ್ಕ, 6 ಎರಡೂ ಬಿದ್ದರೆ, ಇದು ಶೇ 2 ಮಾತ್ರ, ನಾಜೂಕು ಮಾಡಬೇಡಿ, ತಕ್ಷಣ ದೊಡ್ಡದಾಗಿ ಹಾಕಿ. ಕಾರಣ: ಎಕ್ಕ-10-6 ಫ್ಲಾಪ್‌ನಲ್ಲಿ ನಿಮ್ಮ ಎರಡು ಜೋಡಿ ಎಕ್ಕ-ಗುಲಾಮವನ್ನು ಹೊಡೆಯುತ್ತಿದೆ. ಟರ್ನ್‌ನಲ್ಲಿ ಇನ್ನೊಂದು 10 ಬಿದ್ದರೆ ಇಬ್ಬರದೂ ಎಕ್ಕ ಮತ್ತು 10, ನಿಮ್ಮ 6ರ ಜೋಡಿ ಲೆಕ್ಕಕ್ಕೇ ಇಲ್ಲ, ಅವರ ಗುಲಾಮ ಮುಂದೆ. ನಿಧಾನ ಮಾಡಿದಷ್ಟೂ ಇಂಥ ಎಲೆಗೆ ಪುಕ್ಕಟೆ ದಾರಿ ಕೊಟ್ಟಂತೆ.

ಚಿಪ್ಸ್ ಕರಗಿ 10 ಬಿಗ್ ಬ್ಲೈಂಡ್‌ಗೆ, ಅಂದರೆ 200ಕ್ಕೆ, ಇಳಿದಾಗ ಈ ಎಕ್ಕಗಳಿಗೆ ಜೀವ ಬರುತ್ತದೆ. ಆಗ ಕಿಕ್ಕರ್ ಬಗ್ಗೆ ಮೂರು ಸುತ್ತು ತಲೆಕೆಡಿಸಿಕೊಳ್ಳುವುದಿಲ್ಲ, ಒಂದೇ ಸಲ ಎಲ್ಲ ಒಳಗೆ. ಸ್ಮಾಲ್ ಬ್ಲೈಂಡ್‌ವರೆಗೆ ಎಲ್ಲರೂ ಪ್ಯಾಕ್ ಆಗಿದ್ದರೆ ಯಾವ ಎಕ್ಕವಾದರೂ ಆಲ್-ಇನ್; ಬಟನ್‌ನಲ್ಲಿ ಬಹುತೇಕ ಎಲ್ಲವೂ. ಆಲ್-ಇನ್ ಹೋಗುವುದಕ್ಕೂ ಬೇರೆಯವರ ಆಲ್-ಇನ್‌ಗೆ ಕಾಲ್ ಮಾಡುವುದಕ್ಕೂ ಅಜಗಜಾಂತರ. ನೀವು ಬಿಗ್ ಬ್ಲೈಂಡ್‌ನಲ್ಲಿ, ಮೊದಲ ಜಾಗದವರು 200 ಒಳಗೆ ಹಾಕಿದರು. 230 ಗೆಲ್ಲಲು 180 ಕೊಡಬೇಕು, ಶೇ 44 ಬೇಕು. ಅವರು ಒಳ್ಳೆಯ ಜೋಡಿ, ಒಳ್ಳೆಯ ಎಕ್ಕಗಳಿಂದಲೇ ಹೋಗುವವರಾದರೆ ಎಕ್ಕ-6ಕ್ಕೆ ಇರುವುದು ಸುಮಾರು 30. ಪ್ಯಾಕ್. ಅದೇ 200 ಸ್ಮಾಲ್ ಬ್ಲೈಂಡ್‌ನಿಂದ ಬಂದರೆ ಬೇಕಾದ್ದು ಶೇ 45, ಆದರೆ ಅವರು ಏನೇನೋ ಹಿಡಿದು ಹೋಗುತ್ತಾರೆ, ಎಕ್ಕ-6 ಮುಂದಿದೆ. ಕಾಲ್.

ಒಂದೇ ಬಣ್ಣದ ಎಕ್ಕ-5, ಎಕ್ಕ-4 ಹಿಡಿದು ಇನ್ನೊಬ್ಬರ ರೈಸ್ ಮೇಲೆ ಮತ್ತೆ ರೈಸ್ ಮಾಡಿ ಬ್ಲಫ್ ಮಾಡುವ ಪಾಠ ನಿಮಗೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ತರ್ಕ ಸರಿ: ನಿಮ್ಮ ಕೈಯಲ್ಲಿ ಎಕ್ಕ ಇದ್ದರೆ ಎದುರಿನವರಿಗೆ ಜೋಡಿ ಎಕ್ಕ ಬರುವ ರೀತಿ 6 ರಿಂದ 3ಕ್ಕೆ, ಎಕ್ಕ-ರಾಜ ಬರುವ ರೀತಿ 16 ರಿಂದ 12ಕ್ಕೆ ಇಳಿಯುತ್ತದೆ. ಆದರೆ ಬ್ಲಫ್ ನಡೆಯಬೇಕಾದರೆ ಎದುರಿನವರು ಪ್ಯಾಕ್ ಮಾಡಬೇಕಲ್ಲ. ದುಡ್ಡಿಲ್ಲದ ಚಿಪ್ಸ್ ಆಟದಲ್ಲಿ, ನೆಂಟರ ಮಧ್ಯೆ, ನೋಡಿಯೇ ಬಿಡೋಣ ಎನ್ನುವವರ ಮುಂದೆ ಇದನ್ನು ಮಾಡಬೇಡಿ.

ಮಳೆಗಾಲದ ಮೇಜಿಗೆ ಎರಡು ಮಾತು. ಕಾಗದದ ಎಲೆ ಥಂಡಿ ಹೀರಿ ಉಬ್ಬುತ್ತದೆ, ಅಂಟಿಕೊಳ್ಳುತ್ತದೆ, ಹಂಚುವಾಗ ಎರಡು ಒಟ್ಟಿಗೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಪದೇ ಪದೇ ಮೂಲೆ ಎತ್ತಿ ನೋಡುವ ಎಲೆಗೆ ಮಡಿಕೆ ಬಿದ್ದು ಎಕ್ಕ ಹಿಂದಿನಿಂದಲೇ ಗುರುತು ಸಿಗುತ್ತದೆ. ಪ್ಲಾಸ್ಟಿಕ್ ಎಲೆಯ ಕಟ್ಟು ತನ್ನಿ. ಕರೆಂಟ್ ಹೋಗಿ ಎಮರ್ಜೆನ್ಸಿ ಲೈಟ್‌ನಲ್ಲಿ ಆಡುವಾಗ ಇಸ್ಪೀಟು, ಕಳಾವರ್ ಎರಡೂ ಒಂದೇ ತರಹ ಕಾಣುತ್ತವೆ. ಫ್ಲಶ್ ಡ್ರಾ ಎಂದು 100 ಹಾಕುವ ಮುಂಚೆ ಕೈಯ ಎಲೆ ಇನ್ನೊಮ್ಮೆ ನೋಡಿ.

ಅಭ್ಯಾಸಕ್ಕೆ ಆನ್‌ಲೈನ್ ಹಣದ ಆಟದ ಕಡೆ ಹೋಗಬೇಡಿ, 2025ರ ಆಗಸ್ಟ್‌ನಲ್ಲಿ ಸಂಸತ್ತು ಅದನ್ನು ನಿಷೇಧಿಸುವ ಕಾಯ್ದೆ ಅಂಗೀಕರಿಸಿದೆ. ಒಂದು ಕಟ್ಟು ಎಲೆ ಸಾಕು. ಎಕ್ಕ ಮತ್ತು ಬೇರೆ ಬಣ್ಣದ 6 ತೆಗೆದು ನಿಮ್ಮ ಮುಂದೆ ಇಟ್ಟುಕೊಳ್ಳಿ. ಉಳಿದ 50 ಎಲೆ ಚೆನ್ನಾಗಿ ಕಲಸಿ, ಏಳು ಕೈಗೆ ಎರಡೆರಡು ಹಂಚಿ, ತೆರೆದು ನೋಡಿ. ಎಷ್ಟು ಸಲ ಇನ್ನೊಂದು ಎಕ್ಕ ಬಂತು, ಅದರ ಜೊತೆಗಿನ ಎಲೆ 6ಕ್ಕಿಂತ ದೊಡ್ಡದೇ ಚಿಕ್ಕದೇ, ಎರಡು ಕಾಲಂ ಮಾಡಿ ಬರೆಯಿರಿ. ಹೀಗೆ 50 ಸಲ. ಇನ್ನೊಂದು ಎಕ್ಕ ಸುಮಾರು 32 ಸಲ ಕಾಣಬೇಕು. ನಂತರ ಇದನ್ನೇ ಏಳರ ಬದಲು ಎರಡು ಕೈಗೆ ಮಾತ್ರ ಹಂಚಿ ಮಾಡಿ, ಸುಮಾರು 11 ಸಲ ಬರುತ್ತದೆ. ಎರಡನೇ ಜಾಗಕ್ಕೂ ಬಟನ್‌ಗೂ ಇರುವ ಅಂತರ ಆ ಹಾಳೆಯಲ್ಲೇ ಕಾಣುತ್ತದೆ.